ಅಚ್ಚುಮೊಳೆಯಿಂದ ಯೂನಿಕೋಡಿನವರೆಗೆ



ಕಳೆದ ತಿಂಗಳು ಶ್ರೀಮಠದ ಗಣಕಯಂತ್ರದಲ್ಲಿ 2004ರ ಕಡತವೊಂದನ್ನು ತೆರೆದೆನು. ಹಿರಿಯರೊಬ್ಬರು ರಚಿಸಿದ್ದ ವಚನವ್ಯಾಖ್ಯಾನವದು. ಅವರು ಲಿಂಗೈಕ್ಯರಾಗಿದ್ದಾರೆ, ಹಸ್ತಪ್ರತಿಯೂ ಉಳಿದಿಲ್ಲ. ಪರದೆಯ ಮೇಲೆ ಕಂಡದ್ದು ಕನ್ನಡವಲ್ಲ, ರೋಮನ್ ಚಿಹ್ನೆಗಳ ರಾಶಿ. ಕ್ಷಣಕಾಲ ಎದೆ ನಡುಗಿತು.

ಕನ್ನಡದ ಅಚ್ಚಕ್ಷರಗಳು ನಡೆದುಬಂದ ಹಾದಿ ದೀರ್ಘವಾದುದು. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಮುದ್ರಣಗೊಂಡಿತು. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬೆಳಕು ಕಂಡಿತು. ತಾಳೆಗರಿಯಲ್ಲಿದ್ದ ವಚನಗಳು ಸೀಸದ ಮೊಳೆಗಳ ಮೂಲಕ ಓದುಗರ ಕೈಸೇರಿದವು. ಗುಣಿತಾಕ್ಷರ, ಒತ್ತಕ್ಷರಗಳ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸುವವರ ಶ್ರಮ ಅದರ ಹಿಂದಿತ್ತು.

ಗಣಕದ ಹಳೆಯ ಫಾಂಟುಗಳಾದರೋ ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಇರಿಸಿದ್ದವು. ಆ ಫಾಂಟು ಇಲ್ಲವಾದೆಡೆ ಕನ್ನಡವೂ ಕಾಣದು. ಯೂನಿಕೋಡಿನಲ್ಲಿ ‘ಕ’ಕಾರಕ್ಕೆ ತನ್ನದೇ ಆದ ಸಂಖ್ಯೆಯಿದೆ, ಫಾಂಟು ಬದಲಾದರೆ ಉಡುಗೆ ಬದಲಾದೀತೇ ಹೊರತು ಅಕ್ಷರ ಅಳಿಯದು.

ಹಳೆಯ ಫಾಂಟನ್ನು ಹುಡುಕಿ ಅಳವಡಿಸಿದಾಗ ವ್ಯಾಖ್ಯಾನ ಮರಳಿ ಕಾಣಿಸಿತು. ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಸ್ಥಾನ ತಪ್ಪಿದ ಅರ್ಕಾವತ್ತುಗಳನ್ನು ಸಾಲುಸಾಲಾಗಿ ತಿದ್ದುತ್ತಿದ್ದೇನೆ. ತಮ್ಮ ಮನೆಯ ಹಳೆಯ ಸಿ.ಡಿ.ಗಳಲ್ಲಿ ಇಂತಹ ಬರಹಗಳಿದ್ದರೆ ತಡಮಾಡದೆ ತೆರೆದು ನೋಡಿರಿ.