ಉಪ್ಪು ಬೆವರುವ ಹುಲ್ಲು

ಭುಜ್ ನಗರದಿಂದ ಉತ್ತರಕ್ಕೆ ಹೊರಟ ನಮ್ಮ ಬಾಡಿಗೆ ಕಾರು ಭಿರಂಡಿಯಾರಾ ಗ್ರಾಮವನ್ನು ದಾಟಿದಾಗ ಹೊತ್ತು ಆಗತಾನೆ ಏರುತ್ತಿತ್ತು. ಕಚ್ಛದ ಬಿಳಿಯ ರಣವನ್ನು ಕಾಣಬೇಕೆಂಬುದು ಮಗಳ ಬಹುದಿನಗಳ ಹಂಬಲ. ಆದರೆ ರಣವನ್ನು ಸೇರುವ ಮೊದಲೇ, ದಾರಿಯ ಇಕ್ಕೆಲಗಳಲ್ಲಿ ಹಬ್ಬಿದ ಬನ್ನಿ ಎಂಬ ಹುಲ್ಲುಗಾವಲು ನಮ್ಮನ್ನು ತಡೆದು ನಿಲ್ಲಿಸಿತು.

ಹುಲ್ಲುಗಾವಲೆಂದೊಡನೆ ಮಲೆನಾಡಿನ ಹಸುರನ್ನು ನೆನೆಯುವವರಿಗೆ ಇಲ್ಲಿ ನಿರಾಶೆಯೇ ಸರಿ. ಸುಮಾರು 2,500 ಚದರ ಕಿಲೋಮೀಟರುಗಳ ಈ ಬಯಲಿನ ಬಣ್ಣ ಬೂದಿ. ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರು. ಅದೂ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಕಾಲವೆಲ್ಲ ಬಿಸಿಲು ನೆಲದೊಳಗಿನ ನೀರನ್ನು ಮೇಲೆಳೆದು ಹೀರುತ್ತದೆ. ನೀರಿನೊಡನೆ ಬಂದ ಉಪ್ಪು ಮಾತ್ರ ಮಣ್ಣಿನಲ್ಲಿಯೇ ಉಳಿಯುತ್ತದೆ.

ಉಪ್ಪು ಬೆರೆಸಿದ ಮಾವಿನ ಹೋಳು ಜಾಡಿಯಲ್ಲಿ ನೀರು ಬಿಟ್ಟು ಸುಕ್ಕುವುದನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಚೌಳು ನೆಲದಲ್ಲಿ ಬೇರಿಗೆ ಒದಗುವ ಗತಿಯೂ ಅದೇ. ಕಾಲ ಬಳಿ ನೀರಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಹಾಗಿದ್ದರೆ ಈ ಹುಲ್ಲು ಬದುಕಿದ್ದು ಹೇಗೆ?

ನೆಲಕ್ಕೆ ಅಂಟಿದಂತೆ ಹರಡಿದ್ದ ಒಂದು ಕುರುಚಲು ಹುಲ್ಲನ್ನು ಮಗಳು ಕಿತ್ತು ತಂದಳು. ಎಲೆಗಳ ಮೇಲೆ ಸಕ್ಕರೆ ಚೆಲ್ಲಿದಂತೆ ಬಿಳಿಯ ಹರಳುಗಳು. ನನ್ನ ಪತ್ನಿ ನಾಲಗೆಗೆ ಮುಟ್ಟಿಸಿ ನೋಡಿ, "ಅಯ್ಯೋ, ಉಪ್ಪು ಕಣ್ರೀ! ಸಾರಿಗೆ ಹಾಕಬಹುದು!" ಎಂದಳು.

ಸಸ್ಯಶಾಸ್ತ್ರಜ್ಞರು ಇದನ್ನು ಈಲ್ಯುರೋಪಸ್ ಲಾಗೊಪಾಯಿಡೀಸ್ ಎನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಮೊದಲ ಪದಕ್ಕೆ 'ಬೆಕ್ಕಿನ ಪಾದ', ಎರಡನೆಯದಕ್ಕೆ 'ಮೊಲದ ಪಾದದಂಥದು' ಎಂಬ ಅರ್ಥ. ಅದರ ರೋಮಭರಿತ ತೆನೆಯನ್ನು ಕಂಡರೆ ಎರಡೂ ಒಪ್ಪುತ್ತವೆ. ಬೇರು ಉಪ್ಪಿನ ಬಹುಪಾಲನ್ನು ಹೊರಗೇ ತಡೆಯುತ್ತದೆ. ನುಸುಳಿದ್ದರಲ್ಲಿ ಒಂದಷ್ಟನ್ನು ಜೀವಕೋಶಗಳು ತಮ್ಮೊಳಗಿನ ಚೀಲಗಳಲ್ಲಿ ಕೂಡಿಡುತ್ತವೆ. ಮಿಕ್ಕುದನ್ನು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳು ಬೆವರಿನಂತೆ ಹೊರದೂಡುತ್ತವೆ. ನೀರು ಆರಿ ಹರಳು ಉಳಿಯುತ್ತದೆ. ಬೀಜಕ್ಕೂ ಎಂಥ ವಿವೇಕ! ಮಳೆ ಬಂದು ಮಣ್ಣಿನ ಉಪ್ಪು ತೊಳೆದುಹೋಗುವವರೆಗೆ ಅದು ಸುಮ್ಮನೆ ಕಾಯುತ್ತದೆ.

ಈ ಹುಲ್ಲನ್ನು ನಂಬಿ ಬಾಳುವವರು ಮಾಲ್ಧಾರಿಗಳೆಂಬ ಪಶುಪಾಲಕರು. ಅವರ ಬನ್ನಿ ಎಮ್ಮೆಗಳು ರಾತ್ರಿಯೆಲ್ಲ ಮೇದು, ಬೆಳಗಾದೊಡನೆ ಹಾಲು ಕೊಡಲು ತಾವಾಗಿಯೇ ಮನೆಗೆ ಮರಳುತ್ತವೆ. ಅಂಥ ಒಂದು ಹಿಂಡಿನ ಯಜಮಾನನಾದ ವೃದ್ಧ ನಮ್ಮನ್ನು 'ವಿರ್ದಾ' ಎಂಬ ಕಿರುಬಾವಿಯ ಬಳಿಗೆ ಕರೆದೊಯ್ದ. ಇಂಗಿದ ಮಳೆನೀರು ಹಗುರವಾದ್ದರಿಂದ ಅಡಿಯ ಉಪ್ಪುನೀರಿನ ಮೇಲೆ ನಿಲ್ಲುತ್ತದೆ. ಹದವರಿತು ತೋಡಿದರೆ ಸಿಹಿನೀರು, ಆಳ ಹೆಚ್ಚಿದರೆ ಉಪ್ಪು. ಆತ ಕೊಟ್ಟ ನೀರು ನಿಜಕ್ಕೂ ಸಿಹಿಯಾಗಿತ್ತು.

"ಹುಲ್ಲು ಸಾಕಷ್ಟಿದೆಯೇ, ಬಾಬಾ?" ಎಂದು ಕೇಳಿದೆ. ವೃದ್ಧ ಮಾತಾಡದೆ ದಿಗಂತದ ಮುಳ್ಳುಪೊದೆಗಳತ್ತ ಕೈ ತೋರಿದ. "ಗಾಂಡೊ ಬಾವಳ್" ಎಂದ. ಹುಚ್ಚು ಜಾಲಿ ಎಂದರ್ಥವೆಂದು ಚಾಲಕ ತಿಳಿಸಿದ. ಹತ್ತಿರ ಹೋಗಿ ನೋಡಿದರೆ ನಮ್ಮ ಬಳ್ಳಾರಿ ಜಾಲಿಯೇ! ರಣದ ಉಪ್ಪು ಮುಂದೊತ್ತಿ ಬರದಿರಲೆಂದು 1960ರ ದಶಕದಲ್ಲಿ ಸರಕಾರ ಇದನ್ನು ಇಲ್ಲಿ ನೆಡಿಸಿತು. ಸಿಹಿಯಾದ ಕಾಯಿಗಳನ್ನು ದನಗಳು ತಿಂದವು. ಸಗಣಿಯೊಡನೆ ಬೀಜ ಬಯಲೆಲ್ಲ ಹರಡಿತು. ಪೊದೆ ದಟ್ಟವಾದಲ್ಲಿ ಹುಲ್ಲಿಗೆ ಎಡೆಯಿಲ್ಲ. ಕೆಲವರು ಅದನ್ನೇ ಸುಟ್ಟು ಇದ್ದಿಲು ಮಾರಿ ಜೀವಿಸುತ್ತಾರೆ.

ವೃದ್ಧ ಕೊನೆಗೆ ಇಷ್ಟೇ ಹೇಳಿದ: "ಉಪ್ಪಿನೊಡನೆ ಬಾಳುವುದು ನಮ್ಮ ಹುಲ್ಲಿಗೂ ಗೊತ್ತು, ನಮಗೂ ಗೊತ್ತು. ಈ ಮರದೊಡನೆ ಬಾಳುವುದನ್ನು ಯಾರೂ ಕಲಿಸಲಿಲ್ಲ."

ಸಂಜೆ ಬಿಳಿಯ ರಣವನ್ನೂ ಕಂಡೆವು. ಬೆಳದಿಂಗಳನ್ನು ನೆಲಕ್ಕೆ ಹಾಸಿದಂತಿತ್ತು. ಆದರೆ ಊರಿಗೆ ಮರಳಿದಾಗ ಮಗಳು ಅಜ್ಜಿಗೆ ಮೊದಲು ತೋರಿಸಿದ್ದು ಪುಸ್ತಕದ ನಡುವೆ ಜೋಪಾನವಾಗಿ ಇಟ್ಟು ತಂದಿದ್ದ ಆ ಒಣ ಹುಲ್ಲಿನ ಎಸಳನ್ನು. "ನೆಕ್ಕಿ ನೋಡಜ್ಜಿ" ಎಂದಳು.