ಹಸಿರು ದೀಪ ಏಳು ಸಲ ಮಿಣುಕಿತು

ಕುಪ್ಪೇಲೂರಿನಲ್ಲಿ ನಾವು ಇಟ್ಟುಕೊಂಡಿರುವ ರಾಸ್ಪ್‌ಬೆರಿ ಪೈ 3 ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರ್. ಒಂದೇ ಬೋರ್ಡು, 1 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಬದಲು ಮೊಬೈಲಿಗೆ ಹಾಕುವಂಥ ಮೆಮೊರಿ ಕಾರ್ಡು. ವರದಿಗೆ ಅಂತ ಓಡಾಡುವಾಗ ರೆಕಾರ್ಡ್ ಮಾಡಿಕೊಂಡ ಭಜನಿ ಪದ, ಗ್ರಾಮಸಭೆಯ ಮಾತು ಎಲ್ಲ ಅದರಲ್ಲೇ ಇವೆ. ನೆಟ್ ಇಲ್ಲದಿದ್ದರೂ ಅದರ ವೈಫೈ ಹಿಡಿದು ಯಾರು ಬೇಕಾದರೂ ತಮ್ಮ ಫೋನಿನಲ್ಲಿ ಕೇಳಬಹುದು.

ತೊಂದರೆ ಅಂದರೆ ಆ ವೈಫೈ ನಮ್ಮ ಕಟ್ಟೆ ದಾಟುತ್ತಿರಲಿಲ್ಲ. ಆಂಟೆನಾ ಇರುವ ಯುಎಸ್‌ಬಿ ಡಾಂಗಲ್ ತಂದು ಚುಚ್ಚಿದೆವು. ಪೈ ಅದರ ಗುರುತೇ ಹಿಡಿಯಲಿಲ್ಲ. ಅದಕ್ಕೆ ಬೇಕಾದ ಡ್ರೈವರ್ ನಮ್ಮ ಕರ್ನಲ್ಲಿನಲ್ಲಿ ಇರಲಿಲ್ಲ.

ಕರ್ನಲ್ ಅಂದರೆ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ದಲಾಲರಿದ್ದ ಹಾಗೆ. ಆ್ಯಪ್‌ಗಳು ಒಂದು ಕಡೆ, ಯಂತ್ರ ಇನ್ನೊಂದು ಕಡೆ, ವ್ಯವಹಾರವೆಲ್ಲ ನಡುವೆ ಕೂತವರ ಮೂಲಕ. ನಿಮ್ಮ ಆಂಡ್ರಾಯ್ಡ್ ಫೋನಿನೊಳಗೆ ಇರುವುದೂ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಕರ್ನಲ್ಲೇ. ಅದರ ಮೂಲ ಕೋಡ್ ಎಲ್ಲರಿಗೂ ಸಿಗುತ್ತದೆ, ಬೇಕಾದ್ದು ಸೇರಿಸಿ ನಾವೇ ಕಟ್ಟಿಕೊಳ್ಳಬಹುದು. (ಆ ಡ್ರೈವರ್ ಒಂದನ್ನೇ ಕಟ್ಟಿದ್ದರೆ ಸಾಕಿತ್ತು ಅಂತ ಬಲ್ಲವರು ಆಮೇಲೆ ಹೇಳಿದರು. ನಿಜವೇ. ನಮಗೆ ಪೂರ್ತಿ ಕಟ್ಟುವ ಹುಕಿ.)

ಊರಲ್ಲಿ ನೆಟ್ ಸಾಲದೆ ಕೋಡನ್ನು ರಾಣೆಬೆನ್ನೂರಿನಲ್ಲಿ ಇಳಿಸಿಕೊಂಡು ಬಂದೆವು. ‘ಮೆನುಕಾನ್ಫಿಗ್’ ಎಂಬ ಉದ್ದನೆಯ ಪಟ್ಟಿಯಲ್ಲಿ ಡ್ರೈವರ್ ಹುಡುಕಿ ‘ಎಂ’ ಒತ್ತಿದೆವು. ಎಂ ಅಂದರೆ ಮಾಡ್ಯೂಲ್, ಕೆಲಸವಿದ್ದಾಗ ಮಾತ್ರ ಕರೆಸುವ ಆಳು. ‘ಮೇಕ್’ ಅಂದ ಕೂಡಲೇ ನಾಲ್ಕೂ ಕೋರ್ ದುಡಿಯತೊಡಗಿದವು. 80 ಡಿಗ್ರಿ ಮುಟ್ಟಿದರೆ ಪೈ ತಾನೇ ವೇಗ ತಗ್ಗಿಸುತ್ತದೆ, ಅದಕ್ಕೆ ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ ನಾವು ಬೆವರಿದೆವು. ಎರಡು ಗಂಟೆ ಆಗಿರಬೇಕು, ಕರೆಂಟ್ ಹೋಯಿತು. ಪುಣ್ಯಕ್ಕೆ ‘ಮೇಕ್’ ಒಮ್ಮೆ ಮುಗಿಸಿದ ಫೈಲನ್ನು ಮತ್ತೆ ಮುಟ್ಟುವುದಿಲ್ಲ. ಅರ್ಧ ಬರೆದು ನಿಂತಿದ್ದ ಒಂದು ಫೈಲ್ ಮಾತ್ರ ತಕರಾರು ತೆಗೆಯಿತು. ಅದನ್ನು ಅಳಿಸಿ ಮುಂದುವರಿಸಿದೆವು.

ಹೊಸ ಕರ್ನಲ್ಲಿಗೆ ಊರ ಹೆಸರನ್ನೇ ಇಟ್ಟೆವು. ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಬಿಟ್ಟು, ‘ಕಾನ್ಫಿಗ್’ ಫೈಲಿನಲ್ಲಿ ಹೊಸದರ ಹೆಸರು ಬರೆದು ರೀಬೂಟ್ ಕೊಟ್ಟೆವು. ಸ್ಕ್ರೀನ್ ಕಪ್ಪು. ಹಸಿರು ದೀಪ ಏಳು ಸಲ ಮಿಣುಕಿತು, ತಡೆಯಿತು, ಮತ್ತೆ ಏಳು ಸಲ.

ಅದೇ ಹೊತ್ತಿಗೆ ಓಣಿಯ ಅಜ್ಜಿ ಬಂದರು. ಅವರ ಯಜಮಾನರು ಹಾಡಿದ ಷರೀಫರ ಪದಗಳು ಆ ಕಾರ್ಡಿನಲ್ಲಿವೆ. ಯಜಮಾನರು ತೀರಿಕೊಂಡ ಮೇಲೆ ಅಜ್ಜಿ ಆಗಾಗ ಬಂದು ಕೇಳಿಕೊಂಡು ಹೋಗುತ್ತಾರೆ.

“ಯಾಕ ತಮ್ಮಾ, ಇವತ್ತ ಪದ ಹಚ್ಚಂಗಿಲ್ಲೇನು?”

“ಸ್ವಲ್ಪ ತಡೀರಿ ಅಜ್ಜಿ, ರಿಪೇರಿ ನಡದೈತ್ರಿ.”

ಬೇರೆ ಕಾಪಿ ಎಲ್ಲೂ ಇರಲಿಲ್ಲ. ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಗೆಳೆಯನ ವಿಂಡೋಸ್ ಲ್ಯಾಪ್‌ಟಾಪಿಗೆ ಕಾರ್ಡು ಹಾಕಿದರೆ ಅದು ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು. ಒತ್ತುವುದರಲ್ಲಿದ್ದೆವು, ಗೆಳೆಯ ಕೈ ಹಿಡಿದ. ಕಾರ್ಡಿನಲ್ಲಿ ಎರಡು ಭಾಗ ಇರುತ್ತವೆ. ಹಾಡುಗಳಿದ್ದ ಭಾಗ ಲಿನಕ್ಸ್ ರೀತಿಯದು, ವಿಂಡೋಸಿಗೆ ಓದಲು ಬಾರದು, ಅದಕ್ಕೇ ಹಾಗೆ ಕೇಳುವುದು. ಒತ್ತಿದರೆ ಎಲ್ಲ ಹೋದಂತೆಯೇ. ಬೂಟ್ ಆಗುವ ಭಾಗ ಮಾತ್ರ ಫ್ಯಾಟ್ ರೀತಿಯದು. ವಿಂಡೋಸಿನಲ್ಲೂ ತೆರೆಯುತ್ತದೆ, ಕಾರ್ಡ್ ರೀಡರ್ ಇದ್ದರೆ ಫೋನಿನಲ್ಲೂ.

ಏಳು ಮಿಣುಕು ಅಂದರೆ ಕರ್ನಲ್ ಫೈಲ್ ಸಿಗುತ್ತಿಲ್ಲ ಅಂತ ಅರ್ಥ. ತೆರೆದು ನೋಡಿದರೆ ಫೈಲಿನ ಹೆಸರಲ್ಲಿ ಇಂಗ್ಲಿಷಿನ ಕೊನೆಯ ‘ಯು’ ಇದೆ, ಕಾನ್ಫಿಗ್‌ನಲ್ಲಿ ಇಲ್ಲ. ಒಂದು ಕಡೆ ಕುಪ್ಪೇಲೂರು, ಇನ್ನೊಂದು ಕಡೆ ಕುಪ್ಪೇಲೂರ್! ನಮ್ಮ ಕಡೆ ಊರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಎರಡೂ ಥರ ಬರೆಯುತ್ತಾರಲ್ಲ, ಅದೇ ಫಜೀತಿ. ಒಂದಕ್ಷರ ಸೇರಿಸಿದೆವು. ಪೈ ಎದ್ದಿತು, ಡಾಂಗಲ್ಲೂ ಎದ್ದಿತು.

ಮೊದಲು ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗೆ ಕಾಪಿ ಹಾಕಿದೆವು. ಆಮೇಲೆ ಅಜ್ಜಿಯನ್ನು ಕರೆಯಲು ಹೋದರೆ ಅವರು ತಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದರು. ಮೊಮ್ಮಗನ ಫೋನಿನಲ್ಲಿ ಪದ ಆಗಲೇ ನಡೆದಿತ್ತು.