ಕಾಯದೆಗೆ ಕೇಳಿಸದ ಸದ್ದು

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು. ಆದರೆ ತಾನೇ ಬೆಕ್ಕಾಗಿದ್ದೆನೆಂದು ಒಪ್ಪಿಕೊಂಡವರು ವಿರಳ. ಇಂದು ನಾನು ಒಪ್ಪಿಕೊಳ್ಳಬೇಕೆಂದಿದ್ದೇನೆ.

ನಾನಾಗ ಬೆಳಗಾವಿಯ ಒಂದು ಶಾಲೆಯಲ್ಲಿ ಎಂಟನೆಯ ಇಯತ್ತೆಯಲ್ಲಿದ್ದೆ. ಆ ವರ್ಷ ಖಾನಾಪುರದ ಹುಡುಗನೊಬ್ಬ ನಮ್ಮ ವರ್ಗಕ್ಕೆ ಬಂದ. ಖಾನಾಪುರವೆಂದರೆ ಮಲಪ್ರಭೆಯ ದಂಡೆಯ ಊರು. ಅಲ್ಲಿಯ ಗಡಿಗೆ, ಹಂಚುಗಳಿಗೆ ಹಿಂದಿನಿಂದಲೂ ಹೆಸರು. ಅವನದು ಕುಂಬಾರರ ಮನೆ, ಮನೆಮಾತು ಮರಾಠಿ. ದಿನವೂ ಸುಮಾರು 26 ಕಿಲೋಮೀಟರು ಬಸ್ಸಿನಲ್ಲಿ ಬರುತ್ತಿದ್ದ. ಅವನ ಕನ್ನಡದಲ್ಲಿ ನಡುನಡುವೆ ಮರಾಠಿ ಇಣುಕುತ್ತಿತ್ತು. ಬೆಳಗಾವಿಯ ಪೇಟೆಯಲ್ಲಿ ಎರಡನ್ನೂ ಬೆರೆಸಿ ಮಾತನಾಡದವರು ಯಾರು? ಆದರೂ ನಮಗೆ ಅಷ್ಟೇ ಸಾಕಾಯಿತು. ಅವನಿಗೆ ‘ಗಡಿಗಿ’ ಎಂಬ ಹೆಸರು ಬಿತ್ತು.

ಹಾಜರಿ ಕೂಗಿದಾಗ ಅವನು ಎದ್ದು ನಿಂತೊಡನೆ ಹಿಂದಿನ ಬೆಂಚಿನಿಂದ ಟಕ್ ಟಕ್ ಎಂದು ಸದ್ದಾಗುತ್ತಿತ್ತು, ಗಡಿಗೆ ಕೊಳ್ಳುವವರು ಬೆರಳಿನ ಗೆಣ್ಣಿನಿಂದ ಬಡಿದು ನೋಡುವಂತೆ. ಆ ಆಟವನ್ನು ಆರಂಭಿಸಿದವನು ನಾನೇ.

ಒಂದು ದಿನ ಅವನ ತಂದೆ ಬಂದರು. ಗುರುಗಳು ಹುಡುಗನನ್ನು ನಮ್ಮೆದುರಿಗೇ ಕೇಳಿದರು.

“ಹೊಡದರೇನು?”

“ಇಲ್ರೀ ಸರ್.”

“ರೊಕ್ಕ ಕಸಗೊಂಡರೇನು?”

“ಇಲ್ರೀ.”

“ಮತ್ತೇನು ಮಾಡಿದರು?”

“ಬೆಂಚು ಬಡೀತಾರ್ರೀ.”

ವರ್ಗವೆಲ್ಲ ಗೊಳ್ಳೆಂದು ನಕ್ಕಿತು. ಗುರುಗಳಿಗೂ ನಗೆ ತಡೆಯಲಾಗಲಿಲ್ಲ. ತಂದೆ ಟೊಪ್ಪಿಗೆ ಸರಿಪಡಿಸಿಕೊಂಡು ಹೊರಟುಹೋದರು. ದೀಪಾವಳಿಯ ಸೂಟಿ ಮುಗಿದ ಮೇಲೆ ಹುಡುಗ ಬರಲೇ ಇಲ್ಲ.

ಕಾಲೇಜು ಸೇರುವಾಗ, ರ‍್ಯಾಗಿಂಗ್ ಮಾಡುವುದಿಲ್ಲವೆಂದು ನಾನೂ ನನ್ನ ತಂದೆಯೂ ಮುಚ್ಚಳಿಕೆ ಬರೆದುಕೊಟ್ಟೆವು. ಅದು ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮ. ಅಂದು ಆ ಸದ್ದು ನೆನಪಾಗಿ, ಕಾಯದೆಗಳನ್ನು ಹುಡುಕಿ ಓದಿದೆ. 1983ರ ಕರ್ನಾಟಕ ಶಿಕ್ಷಣ ಕಾಯದೆಯಲ್ಲಿ ರ‍್ಯಾಗಿಂಗಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ, ದಂಡವೂ ಇದೆ. ಆದರೆ ಅದರ ವಿವರಣೆಯಂತೆ, ಹೆದರಿಸಿಯೋ ಬಲಾತ್ಕರಿಸಿಯೋ ವಿದ್ಯಾರ್ಥಿಯಿಂದ ಮಾನಕ್ಕೆ ಕುಂದು ತರುವ ಕೆಲಸ ಮಾಡಿಸಿರಬೇಕು. ನಾವು ಅವನಿಂದ ಏನನ್ನೂ ಮಾಡಿಸಲಿಲ್ಲ. ಬೆಂಚು ಬಡಿದೆವು, ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯದೆಯ 17ನೆಯ ಕಲಮು ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ಅಲ್ಲಿ ಹೇಳಿದ ಶಿಸ್ತುಕ್ರಮ ಸೇವಾನಿಯಮಗಳಿಗೆ ಒಳಪಟ್ಟವರಿಗೆ; ಸಹಪಾಠಿಗಳಿಗಲ್ಲ.

ಹಾಗೆಂದು ಕಾಯದೆ ಬೇಡವೆನ್ನಲಾರೆ. ಹೊಡೆತ ತಿಂದವನಿಗೆ ಅದೇ ಆಸರೆ. ಆದರೆ ಅದನ್ನು ಎಷ್ಟು ಬಿಗಿಗೊಳಿಸಿದರೂ, ಬೆಂಚು ಬಡಿದ 13 ವರ್ಷದ ಹುಡುಗನನ್ನು ಯಾವ ನ್ಯಾಯಾಲಯಕ್ಕೆ ಒಯ್ಯುವುದು?

ಕಳೆದ ಬೇಸಿಗೆಯಲ್ಲಿ ಖಾನಾಪುರಕ್ಕೆ ಹೋಗಿದ್ದೆ. ಸಂತೆಯಲ್ಲಿ ಅವನು ಗಡಿಗೆ ಮಾರುತ್ತಿದ್ದ. ನೋಡಿದೊಡನೆ ಗುರುತು ಹಿಡಿದು, “ಆರಾಮ ಇದ್ದೀಯೇನು?” ಎಂದ. ನಾನು ಒಂದು ಗಡಿಗೆ ಎತ್ತಿಕೊಂಡೆ.

“ಬಡದು ನೋಡಿ ತಗೋ” ಎಂದ.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಗಿರಾಕಿಗಳಿಗೆಲ್ಲ ದಿನವೂ ಹೇಳುವ ಮಾತದು. ನನ್ನ ಕೈ ಏಳಲಿಲ್ಲ. ತಪ್ಪಾಯಿತೆನ್ನಲು ಮಾತೂ ಹೊರಡಲಿಲ್ಲ. ದುಡ್ಡು ಕೊಟ್ಟು ಬಂದುಬಿಟ್ಟೆ.

ನಮ್ಮ ವರ್ಗದಲ್ಲಿ ಅಂದು 40 ಹುಡುಗರಿದ್ದೆವು. ಒಬ್ಬನಾದರೂ ಹಿಂದೆ ತಿರುಗಿ “ಸಾಕು ಮಾಡ್ರೋ” ಎಂದಿದ್ದರೆ ನನ್ನ ಕೈ ನಿಲ್ಲುತ್ತಿತ್ತು. ಆ ಮಾತಿಗೆ ಯಾವ ಕಲಮೂ ಬೇಕಿರಲಿಲ್ಲ. ಸಹಪಾಠಿಗಳೇ, ಬರುವ ವರ್ಷ ಹಳ್ಳಿಗಳಿಂದ ಹೊಸಬರು ನಮ್ಮ ಕಾಲೇಜಿಗೆ ಬರುತ್ತಾರೆ. ಅವರ ಹಾಜರಿ ಕೂಗುವಾಗ ಹಿಂದಿನ ಬೆಂಚಿನಲ್ಲಿ ಸದ್ದಾದರೆ, ದಯಮಾಡಿ ಒಬ್ಬರಾದರೂ ತಿರುಗಿ ನೋಡಿರಿ.